ಹುಡುಗಿಗೆ ಯಾಕಮ್ಮ ಚಾಕು ಹುಚ್ಚು?

ಬಸ್ಸಲ್ಲೋ ಪಿಜಿ ರೂಮಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೆ ಮೊದಲೇ ಹೇಳಿಬಿಡ್ತೀನಿ. ಇವತ್ತಿನ ವಿಷಯ ಚಾಕು. ಕೊಲೆ ಇಲ್ಲ, ರೌಡಿಸಂ ಇಲ್ಲ. ಕ್ರೈಂ ಎಪಿಸೋಡ್ ಅಂದ್ಕೊಂಡು ಬಂದಿದ್ರೆ ಬೇಜಾರು ಮಾಡ್ಕೋಬೇಡಿ.

ನನ್ನ ಹತ್ರ 14 ಚಾಕುಗಳಿವೆ. ಎರಡು ವರ್ಷದ ಹಿಂದೆ ಗಂಡಿನ ಕಡೆಯವರು ನನ್ನನ್ನ ನೋಡೋಕೆ ಬರೋ ದಿನ, ಅಮ್ಮ ಅವನ್ನೆಲ್ಲ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ರು. ಹುಡುಗನ ಸೋದರತ್ತೆ ನೀರು ಕುಡಿಯೋಕೆ ಅಂತ ಅಡುಗೆಮನೆಗೆ ಬಂದವರು ನೋಡೇಬಿಟ್ರು. "ಹುಡುಗಿಗೆ ಯಾಕಮ್ಮ ಚಾಕು ಹುಚ್ಚು?" ಅಂದ್ರು. ಆ ಸಂಬಂಧ ಕೂಡಿಬರಲಿಲ್ಲ. ಚಾಕುವಿಂದಲೇ ಅಂತ ಅಮ್ಮ ಈಗಲೂ ಹೇಳ್ತಾರೆ. ನನ್ನ ಸಂಬಳ ಕೇಳಿದ ಮೇಲೆ ಅಂತ ನಾನು.

ಆ ಪ್ರಶ್ನೆಗೆ ಅವತ್ತು ಉತ್ತರ ಕೊಡಲಿಲ್ಲ. ಇವತ್ತು ಕೊಡ್ತೀನಿ, ಆದ್ರೆ ನನ್ನೊಬ್ಬಳದ್ದಲ್ಲ. ನಮ್ಮದು 11 ಜನರ ಒಂದು ಗುಂಪಿದೆ. ಎರಡು ತಿಂಗಳಿಗೊಮ್ಮೆ ಭಾನುವಾರ ಬೆಂಗಳೂರಲ್ಲಿ ಯಾರದ್ದಾದ್ರೂ ಮನೆ ತಾರಸಿ ಮೇಲೆ ಸೇರ್ತೀವಿ. ಒಂದು ಬಕೆಟ್ ನೀರು, ಹಳೇ ಪೇಪರ್, ಮಸೆಯೋ ಕಲ್ಲುಗಳು, ಒಂದು ಕೆಜಿ ಟೊಮೆಟೊ. ಟೊಮೆಟೊ ಯಾಕೆ ಅಂದ್ರೆ ಹರಿತ ಪರೀಕ್ಷೆ ಮಾಡೋಕೆ. ಮೊಂಡು ಚಾಕು ಟೊಮೆಟೊ ಸಿಪ್ಪೆ ಮೇಲೆ ಜಾರುತ್ತೆ, ಹರಿತ ಇದ್ರೆ ತೂಕಕ್ಕೇ ಇಳಿಯುತ್ತೆ. ಸಂಜೆ ಅದೇ ಟೊಮೆಟೊ ಗೊಜ್ಜು.

ಯಾರ್ಯಾರಿದ್ದಾರೆ ಅಂತ ಕೇಳಿದ್ರೆ ನಗ್ತೀರಿ. ಹೋಟೆಲ್ ಅಡುಗೆಯವರೊಬ್ಬರು, ಕಟಿಂಗ್ ಶಾಪ್ ಇಟ್ಟಿರೋ ತಿಪಟೂರು ಕಡೆಯ ಅಣ್ಣ, ಸುಳ್ಯದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡ್ತಿದ್ದು ಈಗ ಇಲ್ಲಿ ಸೆಕ್ಯುರಿಟಿ ಕೆಲಸದಲ್ಲಿರೋ ಒಬ್ಬರು, ಸಾಗರದ ಕಡೆಯ ಕ್ಯಾಬ್ ಡ್ರೈವರ್ ಹುಡುಗ, ಇಬ್ಬರು ಸಾಫ್ಟ್‌ವೇರಿನವರು, ಒಬ್ಬ ಬ್ಯಾಂಕ್ ಉದ್ಯೋಗಿ. ಅತೀ ಹೆಚ್ಚು ಚಾಕು ಇರೋದು ಸಾಫ್ಟ್‌ವೇರಿನವರ ಹತ್ರ. ಅತೀ ಕಡಿಮೆ ಕತ್ತರಿಸೋದೂ ಅವರೇ, ಊಟ ಆ್ಯಪಲ್ಲಿ ಬರುತ್ತಲ್ಲ! ಇದನ್ನ ಅವರ ಮುಂದೇನೇ ಹೇಳಿದ್ದೀನಿ, ಬೈಕೊಳ್ಳಲ್ಲ.

ಜನಕ್ಕೆ ನಮ್ಮ ಮೇಲೆ ಅನುಮಾನ ಬರೋದು ಸಹಜ. ಲಾಂಗು ಮಚ್ಚಿನ ಸಿನಿಮಾ ನೋಡಿ ಬೆಳೆದ ಊರು ನಮ್ಮದು. ಕಾನೂನು ಏನು ಹೇಳುತ್ತೆ ಅಂತ ನಮ್ಮ ಗುಂಪಿಗೆ ಸೇರೋ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳ್ತೀವಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ರೆ ಅದು ಆಯುಧದ ಪಟ್ಟಿಗೆ ಸೇರುತ್ತೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದ್ದಕ್ಕೆ ವಿನಾಯಿತಿ ಇದೆ. ಹಾಗಂತ ಅಡುಗೆ ಚಾಕು ಜೇಬಲ್ಲಿಟ್ಟು ರಾತ್ರಿ ಹನ್ನೊಂದಕ್ಕೆ ತಿರುಗೋಕೆ ಹೋಗ್ಬೇಡಿ. ನಮ್ಮ ಹೋಟೆಲ್ ಅಣ್ಣ ತಮ್ಮ ಚಾಕುಗಳನ್ನ ಬಟ್ಟೆಯಲ್ಲಿ ಸುತ್ತಿ ಕೆಲಸದ ಲಾಕರಲ್ಲೇ ಬಿಟ್ಟು ಬರ್ತಾರೆ. ಬ್ಯಾಗ್ ಸ್ಕ್ಯಾನರ್ ಇರೋ ಕಡೆಯೆಲ್ಲ ನಿಂತು ವಿವರಣೆ ಕೊಟ್ಟು ಸಾಕಾಗಿದೆ ಅಂತಾರೆ.

ಈಗ ನನ್ನ ಕೆಲಸ. ನಾನು ಹಿಸ್ಟೋಪೆಥಾಲಜಿ ಲ್ಯಾಬ್ ಟೆಕ್ನಿಷಿಯನ್. ಡಾಕ್ಟರು "ಬಯಾಪ್ಸಿ ಕಳಿಸಿದ್ದೀವಿ" ಅಂತಾರಲ್ಲ, ಅದು ಬಂದು ಸೇರೋ ಜಾಗ. ಮೈಯಿಂದ ತೆಗೆದ ಚೂರು ಫಾರ್ಮಲಿನ್‌ನಲ್ಲಿ ಬರುತ್ತೆ. ಅದರ ನೀರಿನ ಅಂಶ ತೆಗೆದು, ಕರಗಿದ ಮೇಣ ಕುಡಿಸಿ, ಮೇಣದ ಸಣ್ಣ ಇಟ್ಟಿಗೆ ಥರ ಮಾಡ್ತೀವಿ. ಅದಕ್ಕೆ ಬ್ಲಾಕ್ ಅಂತೀವಿ. ಆಮೇಲೆ ಮೈಕ್ರೋಟೋಮ್ ಅನ್ನೋ ಯಂತ್ರಕ್ಕೆ ಅದನ್ನ ಸಿಕ್ಕಿಸಿ, ಚಕ್ರ ತಿರುಗಿಸಿ ಅಲಗಿನ ಮೇಲೆ ಹಾಯಿಸ್ತೀವಿ. ಒಂದೊಂದು ಪದರ 4 ಮೈಕ್ರಾನ್. ನಿಮ್ಮ ಒಂದು ಕೂದಲಿನ ದಪ್ಪದಲ್ಲಿ ಅಂಥ ಹತ್ತು ಹದಿನೈದು ಪದರ ಹಿಡಿಯುತ್ತೆ. ರಿಬ್ಬನ್ ಥರ ಒಂದಕ್ಕೊಂದು ಅಂಟಿಕೊಂಡು ಬರುತ್ತೆ, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಸ್ಲೈಡಿಗೆ ಎತ್ಕೋತೀವಿ. ಬಣ್ಣ ಹಾಕಿದ ಮೇಲೆ ಅದನ್ನ ನೋಡಿಯೇ ಪೆಥಾಲಜಿಸ್ಟ್ ಹೇಳೋದು, ಕ್ಯಾನ್ಸರೋ ಅಲ್ಲವೋ ಅಂತ.

ಅಲಗಿನಲ್ಲಿ ಕಣ್ಣಿಗೆ ಕಾಣದ ಒಂದು ಮುಕ್ಕು ಇದ್ರೂ ಸಾಕು, ಪದರದ ಉದ್ದಕ್ಕೂ ಗೆರೆ ಬೀಳುತ್ತೆ. ಇಲ್ಲಾಂದ್ರೆ ಹರಿದೇ ಹೋಗುತ್ತೆ.

ಹಳೇ ಟೆಕ್ನಿಷಿಯನ್‌ಗಳ ಕಾಲದಲ್ಲಿ ಈ ಅಲಗು ಭಾರೀ ಉಕ್ಕಿನದ್ದು. ಅವರೇ ಕೂತು ಮಸೀಬೇಕಿತ್ತು, ಚರ್ಮದ ಪಟ್ಟಿ ಮೇಲೆ ಎಳೀಬೇಕಿತ್ತು. ನಮ್ಮ ಸೀನಿಯರ್ ಮೇಡಂ ಒಬ್ಬರು ಹೇಳ್ತಿದ್ರು, "ನಮ್ಮ ಕಾಲದಲ್ಲಿ ಕತ್ತಿ ಮಸೆಯೋಕೆ ಬರದವಳಿಗೆ ಬ್ಲಾಕ್ ಮುಟ್ಟೋಕೂ ಬಿಡ್ತಿರಲಿಲ್ಲ ಕಣೇ." ಈಗ ಬಳಸಿ ಬಿಸಾಡೋ ಬ್ಲೇಡ್. ಡಬ್ಬಿಯಿಂದ ಜಾರಿಸೋದು, ಹಾಕೋದು, ಮುಗೀತು. ಇದು ಒಳ್ಳೇದೇ. ನಾನು ಹಳೇದೇ ಚೆನ್ನ ಅನ್ನೋಳಲ್ಲ.

ಆದ್ರೂ ನನ್ನ ಹುಚ್ಚು ನನಗೆ ಒಂದು ಪಾಠ ಕಲಿಸ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಚಾಕು ಬಗ್ಗೆ ನನಗೆ ಎಲ್ಲಾ ಗೊತ್ತು ಅನ್ನೋ ಧಿಮಾಕು. ಒಂದು ಸೂಜಿ ಬಯಾಪ್ಸಿ ಬಂತು, ಪೆನ್ಸಿಲ್ ಕಡ್ಡಿಯಷ್ಟೇ ಇರೋ ಒಂದು ಎಳೆ. ನಿಯಮ ಏನು? ಮೇಲಿನ ಮೇಣ ಹೆರೆಯೋಕೆ ಬ್ಲೇಡಿನ ಒಂದು ಭಾಗ, ಪದರ ತೆಗೆಯೋಕೆ ಮುಟ್ಟದೇ ಇರೋ ಇನ್ನೊಂದು ಭಾಗ. ನಾನು ಸರಿಸಲಿಲ್ಲ. ಇನ್ನೂ ಹರಿತ ಇದೆ, ಶಬ್ದ ಕೇಳಿದ್ರೇ ಗೊತ್ತಾಗುತ್ತೆ ಅಂದ್ಕೊಂಡೆ. ಮೊದಲ ಪದರದಲ್ಲಿ ಗೆರೆ. ಇನ್ನೊಂದು ತೆಗೆದೆ, ಮತ್ತೆ ಗೆರೆ. ಸರಿಹೋಗುತ್ತೆ ಅಂತ ತಿರುಗಿಸ್ತಾನೇ ಹೋದೆ. ಹೊಸ ಬ್ಲೇಡ್ ಹಾಕೋ ಹೊತ್ತಿಗೆ ಬ್ಲಾಕಲ್ಲಿ ಮೇಣ ಮಾತ್ರ ಉಳಿದಿತ್ತು.

ಪೆಥಾಲಜಿಸ್ಟ್ ಬೈಯಲಿಲ್ಲ. "ಇದರಲ್ಲಿ ಏನೂ ಹೇಳೋಕಾಗಲ್ಲ, ಮತ್ತೆ ತೆಗೀಬೇಕು" ಅಂದ್ರು ಅಷ್ಟೇ. ರಿಜಿಸ್ಟರಲ್ಲಿ ನನ್ನ ಹೆಸರು ಬರೆದು ಕಾರಣ ಬರೆದೆ. ಎರಡು ದಿನ ಬಿಟ್ಟು ಆ ಹೆಂಗಸು ಮಗನ ಜೊತೆ ಬಂದು ಬೆಂಚ್ ಮೇಲೆ ಕೂತಿದ್ರು. ನಾನು ಹಾದು ಹೋದೆ. ಅವರಿಗೆ ನಾನ್ಯಾರು ಅಂತ ಗೊತ್ತಿಲ್ಲ. ಕೈಲಿ ಬಸ್ ಟಿಕೆಟ್ ಮಡಿಸ್ತಾ, ಬಿಡಿಸ್ತಾ ಇದ್ರು. ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಆಮೇಲಿನ ರಿಪೋರ್ಟ್ ಏನು ಬಂತು ಅನ್ನೋದು ನಾನು ಹೇಳೋ ಹಾಗಿಲ್ಲ.

ಇದನ್ನ ಗುಂಪಿನಲ್ಲಿ ಮೊದಲ ಸಲ ಹೇಳಿದಾಗ ಯಾರೂ ಸಮಾಧಾನ ಹೇಳಲಿಲ್ಲ. ಸುಳ್ಯದ ಅಣ್ಣ ಮಾತ್ರ, "ಮರಕ್ಕೂ ಹಾಗೇ ಆಗುವುದು" ಅಂದ್ರು. ಅವರ ಮನೆಯವರು ಶ್ರೀಲಂಕಾದಿಂದ ಬಂದವರು. 1964ರ ಒಪ್ಪಂದದ ನಂತರ ಅಲ್ಲಿಂದ ವಾಪಸ್ ಬಂದ ತಮಿಳು ಕುಟುಂಬಗಳಲ್ಲಿ ಕೆಲವಕ್ಕೆ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ತು. ಅವರು ಬೆಳಕು ಹರಿಯೋ ಮೊದಲೇ ತಲೆಗೆ ಟಾರ್ಚ್ ಕಟ್ಕೊಂಡು ಹೋಗೋರು, ಯಾಕಂದ್ರೆ ಬಿಸಿಲೇರಿದ ಮೇಲೆ ಹಾಲು ಚೆನ್ನಾಗಿ ಇಳಿಯಲ್ಲ. ಬಾಗಿದ ಮೂತಿಯ ಕತ್ತಿಯಿಂದ ಓರೆಯಾಗಿ, ಮಿಲಿಮೀಟರ್ ಲೆಕ್ಕದಲ್ಲಿ ತೊಗಟೆ ಹೆರೀಬೇಕು. ಮಜಾ ಏನು ಗೊತ್ತಾ? ಹಾಲಿನ ನಾಳಗಳು ಜಾಸ್ತಿ ಇರೋದು ಒಳಗಡೆ, ಕಟ್ಟಿಗೆಗೆ ಹತ್ತಿರ. ಆಳ ಹೋದಷ್ಟೂ ಹಾಲು ಜಾಸ್ತಿ. ಆದ್ರೆ ಇನ್ನೊಂದು ಕೂದಲೆಳೆ ಆಳ ಹೋದ್ರೆ ತೊಗಟೆ ಬೆಳೆಸೋ ಪದರಕ್ಕೇ ಗಾಯ. ಅಲ್ಲಿ ಹೊಸ ತೊಗಟೆ ಗಂಟುಗಂಟಾಗಿ ಬರುತ್ತೆ. ಎಷ್ಟೋ ವರ್ಷ ಬಿಟ್ಟು ಅದೇ ಜಾಗಕ್ಕೆ ಕತ್ತಿ ಹಾಕೋಕೆ ಬಂದವನಿಗೆ ಗೊತ್ತಾಗುತ್ತೆ, ಹಿಂದಿನವನ ಕೈ ಎಂಥದ್ದು ಅಂತ. "ನಾನು ಕೆಡಿಸಿದ ಮರಗಳು ಎಲ್ಲಿವೆ ಅಂತ ಈಗಲೂ ನೆನಪುಂಟು" ಅಂದ್ರು.

ಆ ಭಾನುವಾರದ ಮೇಲೆ ನನಗೆ ಈ ಗುಂಪು ಬೇರೆ ಥರ ಕಾಣೋಕೆ ಶುರುವಾಯ್ತು. ಕಟಿಂಗ್ ಶಾಪ್ ಅಣ್ಣನ್ನ ನೋಡಿ. ಅವರಪ್ಪನ ಕ್ಷೌರದ ಕತ್ತಿ ಮಡಚೋದು, ದಿನಕ್ಕೆ ಹತ್ತು ಸಲ ಚರ್ಮದ ಪಟ್ಟಿ ಮೇಲೆ ಆಡಿಸ್ತಿದ್ರಂತೆ. ಆಮೇಲೆ ಏಡ್ಸ್ ಭಯ ಬಂತು, ಒಬ್ಬರಿಗೆ ಒಂದು ಬ್ಲೇಡ್ ಅಂತ ಆಯ್ತು. ಸರಿಯಾದದ್ದೇ. ಅಲ್ಲಿಗೆ ಪಟ್ಟಿ ಗೋಡೆ ಸೇರ್ತು. ಹೋಟೆಲಲ್ಲಿ ಸಾಣೆ ಹಿಡಿಯೋ ಕಾಂಟ್ರಾಕ್ಟಿನವನು ವಾರಕ್ಕೊಮ್ಮೆ ಬಂದು ಎಲ್ಲಾ ಚಾಕುಗಳನ್ನ ಕಿಡಿ ಹಾರಿಸ್ಕೊಂಡು ಉಜ್ಜಿ ಹೋಗ್ತಾನೆ. ನಮ್ಮಣ್ಣನಿಗೆ ಅದು ನೋಡೋಕಾಗಲ್ಲ, ಬಿಸಿಯಾದ್ರೆ ಉಕ್ಕಿನ ಹದ ಹೋಗುತ್ತೆ ಅಂತ. ಅದಕ್ಕೇ ಸ್ವಂತ ಚಾಕು ಇಟ್ಕೊಂಡಿರೋದು. ಅಂದ್ರೆ, ಮಸೆಯೋದು ನಮ್ಮ ಕೆಲಸಗಳಿಂದ ಒಂದೊಂದಾಗಿ ಹೊರಗೆ ಹೋಯ್ತು, ಕೈಗೆ ಮಾತ್ರ ಅದರ ಚಪಲ ಬಿಡಲಿಲ್ಲ. ಅದು ಭಾನುವಾರಕ್ಕೆ ಬಂದು ಕೂತಿದೆ. ಹೊರಗಿನವರು ಅದನ್ನ ಹವ್ಯಾಸ ಅಂತಾರೆ.

ಸಾಗರದ ಹುಡುಗ ಮಾತ್ರ ಬೇರೆ. ಅವನು ತನಗಾಗಿ ಮಸೆಯಲ್ಲ. ಅವನ ಅಮ್ಮ ಅಡಿಕೆ ಸುಲಿಯೋಕೆ ಹೋಗ್ತಾರೆ, ಮೆಟ್ಟುಗತ್ತಿ ಮುಂದೆ ಕೂತು. ಕೂಲಿ ದಿನದ ಲೆಕ್ಕ ಅಲ್ಲ, ಸುಲಿದಷ್ಟಕ್ಕೆ. ಕತ್ತಿ ಮೊಂಡಾದ್ರೆ ಕೂಲಿನೂ ಮೊಂಡು. ಸುಲಿಯೋ ಯಂತ್ರ ಬಂದಿದೆ, ಆದ್ರೂ ಕೈಯಲ್ಲಿ ಸುಲಿದ ಅಡಿಕೆಯೇ ಬೇಕು ಅನ್ನೋರು ಇನ್ನೂ ಇದ್ದಾರೆ. ಸೀಸನ್ ಶುರುವಾಗೋ ಮೊದಲು ಆ ಕತ್ತಿ ಬಸ್ ಪಾರ್ಸೆಲಲ್ಲಿ ಬೆಂಗಳೂರಿಗೆ ಬರುತ್ತೆ, ನಮ್ಮ ತಾರಸಿಯಲ್ಲಿ ಎರಡು ಗಂಟೆ ಕಲ್ಲಿನ ಮೇಲೆ ಇದ್ದು ವಾಪಸ್ ಹೋಗುತ್ತೆ. ಕಳೆದ ಸಲ ಸಾಫ್ಟ್‌ವೇರಿನವನೊಬ್ಬ ಅದಕ್ಕೆ 15 ಡಿಗ್ರಿ ಕೋನ ಕೊಡೋಣ, ಜಪಾನಿನ ಚಾಕುಗಳ ಥರ ಅಂದ. ಹುಡುಗ ಹೇಳಿದ, "ಅಣ್ಣಾ, ನಮ್ಮಮ್ಮಂಗೆ ಸಂಜೆ ತನಕ ಬಾಳೋದು ಬೇಕು. ಫೋಟೋಗಲ್ಲ."

ನನಗೆ ಈ ಹುಚ್ಚು ಹತ್ತಿದ್ದು ತಾತನಿಂದ. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಅವರದ್ದು ಕುಲುಮೆ. ಮೊದಲೆಲ್ಲ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ರಾಗಿ ತರೋರು, ವರ್ಷವಿಡೀ ಊರಿನ ಕುಡುಗೋಲು, ಕುಳ, ಮಚ್ಚು ಎಲ್ಲ ಅವರ ಜವಾಬ್ದಾರಿ. ನಾನು ನೋಡೋ ಕಾಲಕ್ಕೆ ಹಳೇ ಲಾರಿಯ ಪ್ಲೇಟ್ ಕಾಯಿಸಿ ಮಚ್ಚು ಮಾಡಿ ಸಂತೆಯಲ್ಲಿ ಮಾರೋರು. ನನಗೆ ಸುತ್ತಿಗೆ ಕೊಡ್ತಿರಲಿಲ್ಲ, ಹೆಣ್ಣುಮಗು ಅಂತ. ಗಾಳಿ ಚಕ್ರ ತಿರುಗಿಸೋಕೆ ಮಾತ್ರ ಹೆಣ್ಣುಮಗು ನೆನಪಾಗ್ತಿರಲಿಲ್ಲ!

ಕಾಲೇಜಲ್ಲಿ ಒಂದು ಪುಸ್ತಕದಲ್ಲಿ ಓದಿದೆ, ಯುರೋಪಿನವರು 'ವೂಟ್ಸ್' ಅಂತ ಕರೀತಿದ್ದ ಹೆಸರಾಂತ ಉಕ್ಕಿನ ಹೆಸರು ನಮ್ಮ 'ಉಕ್ಕು' ಅನ್ನೋ ಪದದಿಂದಲೇ ಬಂದಿರಬೇಕು ಅಂತ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ಬಗ್ಗೆ ಪ್ರಬಂಧ ಕೊಟ್ಟ. 1800ರಲ್ಲಿ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಉಕ್ಕು ಮಾಡೋದನ್ನ ವಿವರವಾಗಿ ಬರೆದಿಟ್ಟ. ವಿದ್ಯುತ್ತಿನ ಪಾಠದಲ್ಲಿ ಬರೋ ಮೈಕಲ್ ಫ್ಯಾರಡೆ ಕೂಡ ಅದಕ್ಕೂ ಮೊದಲು ಜೇಮ್ಸ್ ಸ್ಟೊಡಾರ್ಟ್ ಅನ್ನೋ ಚಾಕು ತಯಾರಕನ ಜೊತೆ ಸೇರಿ ಇದೇ ಉಕ್ಕಿನ ಗುಟ್ಟು ಹುಡುಕ್ತಿದ್ದ. ಫ್ಯಾರಡೆಯ ಅಪ್ಪ ಕಮ್ಮಾರ. ಒಬ್ಬ ರಸಾಯನಶಾಸ್ತ್ರದವನು, ಒಬ್ಬ ಚಾಕುವಿನವನು. ನಮ್ಮ ತಾರಸಿಗೆ ಬಂದಿದ್ರೆ ಸರಿಯಾಗಿ ಹೊಂದ್ಕೋತಿದ್ರು ಅನ್ಸುತ್ತೆ. ತಾತನಿಗೆ ಇದನ್ನೆಲ್ಲ ಫೋನಲ್ಲಿ ಹೇಳಿದೆ. "ಹೌದೇನು? ನಂಗೆ ಈ ತಿಂಗಳು ಇದ್ದಿಲು ಸಿಗ್ತಿಲ್ಲ ಕಣವ್ವ" ಅಂದ್ರು.

ತಾತ ಹೋದ ಮೇಲೆ ಅಡಿಗಲ್ಲನ್ನ ಅಪ್ಪ ಮಾರಿದ್ರು. ನನ್ನ ಪಾಲಿಗೆ ಬಂದಿದ್ದು ಅವರ ಮಸೆಯೋ ಕಲ್ಲು. ಅದರ ನಡುಭಾಗ ತವೆ ಥರ ತಗ್ಗಾಗಿದೆ. ಕಲ್ಲು ಸಪಾಟಾಗಿ ಇರಲೇಬೇಕು, ತಗ್ಗಿನ ಕಲ್ಲಲ್ಲಿ ನೇರ ಚಾಕು ಕೆಡುತ್ತೆ, ಉಜ್ಜಿ ಸಮ ಮಾಡಿಕೊಡ್ತೀನಿ ಅಂತ ಬ್ಯಾಂಕಿನವರು ಪ್ರತೀ ಸಲ ಕೇಳ್ತಾರೆ. ಅವರು ಹೇಳೋದು ಸರಿಯೇ. ಆದ್ರೆ ಹೋದ ತಿಂಗಳು ಸುಳ್ಯದ ಅಣ್ಣ ಊರಿಂದ ತಂದಿದ್ದ ಒಂದು ಕುಡುಗೋಲನ್ನ ಆ ತಗ್ಗಿನಲ್ಲಿ ಇಟ್ಟು ನೋಡಿದ್ರು. ಅದರ ಹೊಟ್ಟೆ ಅಲ್ಲಿ ಸರಿಯಾಗಿ ಕೂತಿತು.

ಇನ್ನೂ ಉಜ್ಜೋಕೆ ಕೊಟ್ಟಿಲ್ಲ. ಬರೋ ಭಾನುವಾರ ನಮ್ಮನೆ ತಾರಸಿಯಲ್ಲೇ ಸೇರೋದು, ಟೊಮೆಟೊ ಅಮ್ಮ ತರ್ತಾರಂತೆ.