ಬ್ರೇಕ್ ಬಿಡದ ಜೀಪು

ಅಪ್ಪನ ಹಳೇ ಜೀಪಿನಲ್ಲಿ ಖಂಡಾಲಾ ಘಾಟ್ ಹತ್ತುವಾಗ ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ ಬಂತು. ಪೆಡಲ್ ಬಿಟ್ಟರೂ ಬ್ರೇಕ್ ಬಿಡುತ್ತಿರಲಿಲ್ಲ. ಹೀಗೆ ಕಾದ ಡ್ರಮ್ ಇಳಿಜಾರಿನಲ್ಲಿ ಕೈಕೊಡುತ್ತದೆ. ಎರಡು ಸಲ ಬ್ರೇಕ್ ಶೂ ಬದಲಿಸಿದ ಮೆಕ್ಯಾನಿಕ್, ಕೊನೆಗೆ ಗಾಡಿ ಮಾರಿಬಿಡಿ ಎಂದ. ಮನಸ್ಸು ಒಪ್ಪಲಿಲ್ಲ.

ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ನಾನೇ ಜ್ಯಾಕ್ ಏರಿಸಿದೆ. ಬ್ಲೀಡರ್ ಸ್ಕ್ರೂ ಸಡಿಲಿಸಿದ್ದೇ ಆಯಿಲ್ ಚಿಮ್ಮಿತು, ಚಕ್ರ ತಿರುಗಿತು! ಅಂದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಆಗಲೂ ತಿರುಗದಿದ್ದರೆ ತುಕ್ಕು ಹಿಡಿದ ವೀಲ್ ಸಿಲಿಂಡರ್, ಸೋತ ಸ್ಪ್ರಿಂಗ್ ನೋಡಬೇಕಿತ್ತು. ನಾಲ್ಕೂ ಚಕ್ರ ಹಿಡಿದಿದ್ದರೆ ಮಾಸ್ಟರ್ ಸಿಲಿಂಡರ್. ನಮ್ಮದರಲ್ಲಿ ಆ ಚಕ್ರದ ರಬ್ಬರ್ ಹೋಸ್ ಒಳಗೇ ಉಬ್ಬಿ ದಾರಿ ಕಟ್ಟಿತ್ತು.

ಹೋಸ್ ಬದಲಿಸಿ, ಲೈನಿನ ಗಾಳಿ ತೆಗೆಸಿದ ಮೇಲೆ ಜೀಪು ಸರಾಗ. ಗ್ಯಾರೇಜಿನಲ್ಲಿ ದುಡ್ಡು ಕೊಡುವ ಮೊದಲು "ಯಾಕೆ ಕೆಟ್ಟಿತು?" ಎಂದು ಕೇಳೋಣ.