ಬಳಗದಿಂದ ಹೊರಗುಳಿದ ತಾಯಿ



ಮಹಾನಗರಗಳ ಭವನಗಳಲ್ಲಿ ನಡೆಯುವುದೇ ವಾಡಿಕೆಯಾಗಿರುವ, ದಿನ ತುಂಬದೆ ಹುಟ್ಟಿದ ಮಕ್ಕಳ ಆರೈಕೆಯ ಇಂಥ ವಿಚಾರಗೋಷ್ಠಿಯನ್ನು ಸೊರಬ ಸೀಮೆಯ ಈ ಜಡೆ ಗ್ರಾಮದಲ್ಲಿ ಏರ್ಪಡಿಸಿ, ಆಶಯ ಭಾಷಣದ ಹೊಣೆಯನ್ನು ಮಕ್ಕಳ ವೈದ್ಯವೃತ್ತಿಯಿಂದ ನಿವೃತ್ತನಾದ ನನಗೆ ವಹಿಸಿದ ಸಂಚಾಲಕರಿಗೆ ನಾನು ಕೃತಜ್ಞನಾಗಿದ್ದೇನೆ. ಸ್ಥಳದ ಆಯ್ಕೆ ಅತ್ಯಂತ ಉಚಿತವಾದುದು. 28 ವಾರ ತುಂಬುವ ಮುನ್ನವೇ ಹುಟ್ಟಿದ ಕೂಸನ್ನು ಹೊತ್ತ ವಾಹನ ಶಿರಾಳಕೊಪ್ಪ, ಶಿಕಾರಿಪುರಗಳನ್ನು ದಾಟಿ ಶಿವಮೊಗ್ಗ ಸೇರಿದ ಮೇಲೆ, ಹಿಂದೆ ಉಳಿದ ಹಳ್ಳಿಯಲ್ಲಿ ‘ಮಗು ಪೆಟ್ಟಿಗೆಯಲ್ಲಿದೆಯಂತೆ’ ಎಂಬ ಒಂದೇ ವಾರ್ತೆ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಆ ಶಾಖಪೆಟ್ಟಿಗೆಯ ಪಕ್ಕದಲ್ಲಿ ಕುಳಿತವಳ ಸ್ಥಿತಿಯನ್ನಾಗಲಿ, ಹೊರಗಿನ ಓಣಿಯಲ್ಲಿ ಔಷಧದ ಚೀಟಿ ಹಿಡಿದು ನಿಂತವನ ಸ್ಥಿತಿಯನ್ನಾಗಲಿ ಕೇಳುವವರಿರುವುದಿಲ್ಲ.

ನಮ್ಮ ಶಾಸ್ತ್ರದ ಸಾಧನೆಯನ್ನು ನಾನು ಕಿರಿದುಗೊಳಿಸುವವನಲ್ಲ. 2020ರಲ್ಲಿ ಜಗತ್ತಿನಲ್ಲಿ ಅವಧಿಗೆ ಮುನ್ನ ಹುಟ್ಟಿದ ಸುಮಾರು 1 ಕೋಟಿ 34 ಲಕ್ಷ ಶಿಶುಗಳಲ್ಲಿ 30 ಲಕ್ಷದಷ್ಟು ನಮ್ಮ ದೇಶದವೇ ಎಂಬುದನ್ನು ಬಲ್ಲ ನೀವು, 1978ರಲ್ಲಿ ಕೊಲಂಬಿಯದ ಬೊಗೊಟಾ ನಗರದಲ್ಲಿ ವೈದ್ಯ ಎಡ್ಗರ್ ರೇ ಅವರು, ಶಾಖಪೆಟ್ಟಿಗೆಗಳು ಸಾಲದೆ ಹೋದಾಗ, ತಾಯಿಯ ಎದೆಯ ಮೇಲೆಯೇ ಕೂಸನ್ನು ಬೆಚ್ಚಗಿಡಿಸಿದ ಕ್ರಮ ಇಂದು ಎಲ್ಲೆಡೆ ಮಾನ್ಯವಾಗಿರುವುದನ್ನೂ ಬಲ್ಲಿರಿ. ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯೆಂದು ಹೆಸರಾದ ಆ ಕ್ರಮವನ್ನು ಆಸ್ಪತ್ರೆಯಿಂದ ಮನೆಯವರೆಗೂ ನಡೆಸಿ ತೋರಿಸಿದ ಕಾರ್ಯದಲ್ಲಿ ದುಡಿದವರು ಮುಂದಿನ ಸಾಲಿನಲ್ಲಿದ್ದಾರೆ. ಹುಟ್ಟಿದ ತಿಂಗಳೊಳಗೆ ಅಕ್ಷಿಪಟಲದ ಪರೀಕ್ಷೆಯಾಗದೆ ಇಂಥ ಮಕ್ಕಳು ಕುರುಡಾಗಬಾರದೆಂದು 2008ರಿಂದ ಜಿಲ್ಲೆಜಿಲ್ಲೆಗಳಿಗೆ ಕ್ಯಾಮೆರಾ ಹೊತ್ತು ತಿರುಗುತ್ತಿರುವ ನಾರಾಯಣ ನೇತ್ರಾಲಯದ ಯೋಜನೆಯನ್ನು ಬಲ್ಲವರೂ ಇದ್ದಾರೆ. ಅವರ ಪ್ರಬಂಧಗಳು ಮಧ್ಯಾಹ್ನ ಬರಲಿರುವುದರಿಂದ ನಾನು ಅವಕ್ಕೆ ನಮಸ್ಕರಿಸಿ ಮುಂದೆ ಸಾಗುತ್ತೇನೆ.

ಆದರೆ ಬಹುಕಾಲದಿಂದ ನನ್ನಲ್ಲಿ ಬೇರೂರಿರುವ ನಂಬಿಕೆಯೊಂದನ್ನು ಈ ವೇದಿಕೆಯಲ್ಲಿ ಹೇಳದಿದ್ದರೆ ಕರ್ತವ್ಯಲೋಪವಾದೀತು. ತಾಯಿಯ ಎದೆಯ ಶಾಖವನ್ನೂ ಹಾಲನ್ನೂ ಚಿಕಿತ್ಸೆಯೆಂದು ಅಂಗೀಕರಿಸಿದ ನಾವು, ಅವಳ ಅನುಭವವನ್ನು ಮಾತ್ರ ಚಿಕಿತ್ಸೆಯೆಂದು ಅಂಗೀಕರಿಸಲಿಲ್ಲ. ಒಬ್ಬ ತಾಯಿ ಇನ್ನೊಬ್ಬಳಿಗೆ ಹೇಳುವ ಮಾತನ್ನು ಸಮಾಧಾನವೆಂದೋ ಸೌಜನ್ಯವೆಂದೋ ಬಗೆದು ಕೇಸ್ ಶೀಟಿನ ಹೊರಗಿಟ್ಟೆವು. ತೊರೊಂಟೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಕ್ಲೌಸ್ ಮಿಂಡೆ ಮತ್ತು ಅವರ ಸಂಗಡಿಗರು, ಇಂಥದೇ ಕಷ್ಟವನ್ನು ಹಿಂದೆ ಕಂಡಿದ್ದ ತಾಯಿಯೊಬ್ಬಳ ಜೊತೆಯಲ್ಲಿ ಹೊಸ ತಾಯಿತಂದೆಗಳನ್ನು ವಾರಕ್ಕೊಮ್ಮೆ ಕೂಡಿಸಿದಾಗ, ಅವರು ಮಗುವಿನ ಬಳಿಗೆ ಹೆಚ್ಚು ಬಾರಿ ಬಂದರು, ಹೆಚ್ಚು ಮುಟ್ಟಿದರು, ಹೆಚ್ಚು ಮಾತನಾಡಿಸಿದರು ಎಂಬ ಫಲಿತಾಂಶ 1980ರಲ್ಲಿಯೇ ಅಚ್ಚಾಗಿದೆ. ಇಷ್ಟು ವರ್ಷಗಳ ಬಳಿಕವೂ ನಮ್ಮ ನವಜಾತ ಶಿಶು ಘಟಕಗಳಲ್ಲಿ ಯಂತ್ರಗಳಿಗಿರುವ ದಾಖಲೆಪುಸ್ತಕ ತಾಯಿತಂದೆಗಳ ಇಂಥ ಕೂಟಗಳಿಗಿಲ್ಲ.

ಇಲ್ಲಿ ಒಂದು ಪ್ರಸಂಗವನ್ನು ನಿವೇದಿಸಲು ಅಪ್ಪಣೆ ಬೇಡುತ್ತೇನೆ. ನಾನು ದುಡಿಯುತ್ತಿದ್ದ ಆಸ್ಪತ್ರೆಗೆ ಈ ಸೀಮೆಯಿಂದಲೇ ಬಂದ ಹೆಣ್ಣುಮಗಳೊಬ್ಬಳ ಕೂಸು, ತೂಕದಲ್ಲಿ ಒಂದು ಸೇರು ಅಕ್ಕಿಗೂ ಕಡಿಮೆಯಾದುದು, ಕೆಲವು ದಿನ ಉಸಿರಾಡಿ ಹೋಯಿತು. ತನ್ನ ಹೊಲಿಗೆ ಇನ್ನೂ ಮಾಗದಿದ್ದುದರಿಂದ ಅವಳು ವಾರ್ಡಿನಲ್ಲಿಯೇ ಉಳಿಯಬೇಕಾಯಿತು. ಪಕ್ಕದ ಮಂಚದವಳ ಕೂಸಿಗೆ ಆಗಷ್ಟೇ ಮೂಗಿನ ನಳಿಕೆ ತೆಗೆದು ಒಳಲೆಯಲ್ಲಿ ಹಾಲು ಕುಡಿಸುವ ಹಂತ ಬಂದಿತ್ತು. ಆ ಎಳೆ ತಾಯಿಯ ಕೈ ನಡುಗಿ ಹಾಲು ಗಲ್ಲದ ಮೇಲೆ ಹರಿಯುತ್ತಿತ್ತು. ಕೂಸನ್ನು ಕಳೆದುಕೊಂಡವಳು ಎದ್ದು ಬಂದು ಆಕೆಯ ಮಣಿಕಟ್ಟನ್ನು ಹಿಡಿದು, ಒಳಲೆಯ ಮೂತಿಯನ್ನು ಕೂಸಿನ ಕೆಳತುಟಿಯ ಮೇಲೆ ಒರಗಿಸಿ, “ಸುರೀಬ್ಯಾಡ ತಂಗಿ, ಅದು ನುಂಗಾತನಕ ಕಾಯಿ” ಎಂದಳು. ತನ್ನ ಮಗುವಿಗೆ ಎಂದೂ ಒಳಲೆ ಹಿಡಿಯದ ಆಕೆ, ದಾದಿ ಇತರರಿಗೆ ಕಲಿಸಿದ್ದನ್ನು ನೋಡಿ ನೋಡಿ ಕಲಿತಿದ್ದಳು. ಮರುದಿನ ಆಕೆ ಊರಿಗೆ ಹೋದಳು. ತರುವಾಯ ನಾವು ತಾಯಂದಿರ ಕೂಟ ಕಟ್ಟಿದಾಗ ಆಕೆಯನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನನ್ನನ್ನು ಬಿಡದ ಪ್ರಶ್ನೆ ಇದೇ: ಮಗುವನ್ನು ಕಳೆದುಕೊಂಡ ತಾಯಿಗೆ ಈ ಬಳಗದಲ್ಲಿ ಸ್ಥಾನವೆಲ್ಲಿ? ನಾವು ಮಾರ್ಗದರ್ಶಕರನ್ನಾಗಿ ಆರಿಸುವುದು ಗೆದ್ದು ಬಂದವರನ್ನು. ಅವರ ಮಕ್ಕಳ ಕೈಹಿಡಿದು ವೇದಿಕೆಯ ಮೇಲೆ ನಿಲ್ಲಿಸುವುದು ನವೆಂಬರ್ 17ರ ಅವಧಿಪೂರ್ವ ಜನನ ದಿನದಂದು. ಆ ಹಬ್ಬ ಬೇಕು. ಭರವಸೆಯಿಲ್ಲದೆ ಯಾವ ತಾಯಿಯೂ ತಿಂಗಳುಗಟ್ಟಲೆ ಹಾಲು ಹಿಂಡಲಾರಳು. ಆದರೆ ಇಷ್ಟು ಮುಂಚಿತವಾಗಿ ಹುಟ್ಟಿದ ಮಕ್ಕಳಲ್ಲಿ ಅನೇಕರು ಉಳಿಯುವುದಿಲ್ಲವೆಂಬುದು ಸತ್ಯವಾಗಿರುವಾಗ, ಉಳಿಸಿಕೊಂಡವರದೇ ಆದ ಬಳಗ ಅರ್ಧ ಸತ್ಯವನ್ನಷ್ಟೇ ಹೇಳಬಲ್ಲದು. ಈ ಮಲೆನಾಡ ಸೆರಗಿನಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಕರೆಯುವಾಗ, ಹೋದ ವರ್ಷ ಯಾರ ಗದ್ದೆ ಬೆಳೆಯಿತು, ಯಾರದು ನೆರೆಯಲ್ಲಿ ಕೊಚ್ಚಿಹೋಯಿತು ಎಂದು ಆಳನ್ನು ಆರಿಸುವುದುಂಟೆ?

ವಿರೋಧದ ಮಾತುಗಳನ್ನು ನಾನು ಬಲ್ಲೆ, ಅವನ್ನು ಗೌರವಿಸುತ್ತೇನೆ. ಕೂಸನ್ನು ಕಳೆದುಕೊಂಡವಳನ್ನು ಕಂಡರೆ ಹೊಸ ತಾಯಿ ಬೆದರಿಯಾಳು. ಅವಳ ಗಾಯವೇ ಮತ್ತೆ ಬಿರಿದೀತು. ತೊಟ್ಟಿಲ ಶಾಸ್ತ್ರಕ್ಕೇ ಅವಳನ್ನು ಕರೆಯದ ಮನೆಗಳಿರುವಾಗ ಈ ಕೂಟಕ್ಕೆ ಕರೆದರೆ ಅತ್ತೆಯಂದಿರು ಒಪ್ಪಿಯಾರೆ? ಈ ಆತಂಕಗಳಿಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ‘ಇನ್ನೊಂದಾಗುತ್ತೆ ಬಿಡು’ ಎಂಬ ಒಂದೇ ಮಾತಿನಿಂದ ಅವಳ ದುಃಖವನ್ನು ಮುಚ್ಚುವುದು ಉತ್ತರವಲ್ಲವೆಂಬುದನ್ನು ಬಲ್ಲೆ. ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ‘ಏಕ್‌ಜುಟ್’ ಸಂಸ್ಥೆಯವರು ಹೆಂಗಸರನ್ನು ಕೂಡಿಸಿ, ಹುಟ್ಟಿನೊಡನೆ ಸಾವುಗಳ ಕಥೆಗಳನ್ನೂ ಮುಚ್ಚುಮರೆಯಿಲ್ಲದೆ ಚರ್ಚಿಸಿದಾಗ, ಮೂರು ವರ್ಷಗಳಲ್ಲಿ ನವಜಾತ ಶಿಶುಮರಣ, ಕೂಟಗಳಿಲ್ಲದ ಕಡೆಗಿಂತ ಶೇಕಡಾ 32ರಷ್ಟು ಕಡಿಮೆಯಿದ್ದಿತೆಂದು 2010ರಲ್ಲಿ ಪ್ರಕಟವಾಯಿತು. ಸಾವಿನ ಮಾತು ಕೂಟವನ್ನು ಒಡೆಯಲಿಲ್ಲ. ಅದು ಹಳ್ಳಿಯ ಸಾಮಾನ್ಯ ಹೆಂಗಸರ ಕೂಟವಾಗಿದ್ದಿತು, ಘಟಕದೊಳಗಿನ ತಾಯಂದಿರದಲ್ಲ ಎಂದು ಸಂಖ್ಯಾಶಾಸ್ತ್ರದ ಮಿತ್ರರು ನೆನಪಿಸಿಯಾರು; ಸರಿಯೇ, ಆ ಅಂತರವನ್ನು ಅಳೆಯಬೇಕಾದುದೇ ಈ ಗೋಷ್ಠಿಯ ಕೆಲಸ.

ಆದುದರಿಂದ ಎರಡು ದಿನಗಳ ಚರ್ಚೆಗೆ ನನ್ನ ಬಿನ್ನಹ ಇಷ್ಟು. ತಾಯಿತಂದೆಗಳ ಪರಸ್ಪರ ಆಸರೆಗೆ ಕಾಲ, ಕೋಣೆ, ದಾಖಲೆ ಮೂರನ್ನೂ ಗೊತ್ತುಮಾಡಿ. ಓಣಿಯಲ್ಲಿ ನಿಲ್ಲುವ ತಂದೆಯನ್ನೂ ಒಳಕ್ಕೆ ಕರೆಯಿರಿ. ಕೂಸು ಹೋದ ತಾಯಿ ಬರಿಗೈಯಲ್ಲಿ ಬಸ್ಸು ಹತ್ತುವ ಮುನ್ನ ಅವಳೊಡನೆ ಯಾರು ಕುಳಿತು ಮಾತನಾಡಬೇಕು, ಆರು ತಿಂಗಳ ಬಳಿಕ ಅವಳ ಮನೆಗೆ ಯಾರು ಹೋಗಬೇಕು, ಬರಲು ಇಚ್ಛೆಯಿದ್ದರೆ ಕೂಟಕ್ಕೆ ಹೇಗೆ ಕರೆಯಬೇಕು ಎಂಬುದನ್ನು ಆಶಾ ಕಾರ್ಯಕರ್ತೆಯರಾದ ಸೋದರಿಯರ ಮುಖದಿಂದಲೇ ಕೇಳಿ ಬರೆದುಕೊಳ್ಳಿರಿ. ಏಕೆಂದರೆ ಆ ಮನೆಗಳ ಬಾಗಿಲು ತೆರೆಯುವುದು ಅವರಿಗೆ, ನಮಗಲ್ಲ. ಇಷ್ಟನ್ನು ನಿರ್ಣಯಿಸದೆ ಈ ಗೋಷ್ಠಿ ಮುಗಿಯದಿರಲಿ ಎಂದು ಹಾರೈಸಿ, ಕಲಾಪವನ್ನು ಅಧ್ಯಕ್ಷರಿಗೆ ಒಪ್ಪಿಸುತ್ತೇನೆ.