ಗಡ್ಡೆಯೆದುರು ಕಾವಲು ಕಣಗಳು



ಈಚೆಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಪತ್ರಿಕೆಯ ತುಣುಕೊಂದನ್ನು ಹಿಡಿದು ನನ್ನ ಕೊಠಡಿಗೆ ಬಂದರು. ಅವರ ತಾಯಿಗೆ ಜಠರದ ಕ್ಯಾನ್ಸರ್. “ಅಕ್ಕಾವ್ರ, ಮುಂಬಯಿಯೊಳಗ ಹೊಸ ಚಿಕಿತ್ಸೆ ಬಂದದಂತ. ಹೊಲಾ ಮಾರಿ ಅವ್ವನ್ನ ಕರಕೊಂಡು ಹೋಗ್ಲೇನ್ರಿ?” ಎಂದು ಕೇಳಿದರು.

ಅದು ಕಾರ್-ಟಿ ಚಿಕಿತ್ಸೆಯ ಸುದ್ದಿ. ರೋಗಿಯ ರಕ್ತದಲ್ಲಿರುವ ಟಿ ಕಣಗಳೆಂಬ ಕಾವಲು ಕಣಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವ ಶಕ್ತಿಯನ್ನು ಹೊಸ ಜೀನಿನ ಮೂಲಕ ಅವಕ್ಕೆ ನೀಡಿ, ಪ್ರಯೋಗಾಲಯದಲ್ಲಿ ಬೆಳೆಸಿ ಮರಳಿ ದೇಹಕ್ಕೆ ಸೇರಿಸುವ ವಿಧಾನವಿದು. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿ ಇದರಿಂದ ರಕ್ತದ ಕ್ಯಾನ್ಸರನ್ನು ಗೆದ್ದಳು. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರಗಳು ಸೇರಿ ರೂಪಿಸಿದ ಚಿಕಿತ್ಸೆಗೆ 2023ರಲ್ಲಿ ನಮ್ಮ ದೇಶದ ಅನುಮತಿ ದೊರೆಯಿತು. ಅದೂ ರಕ್ತದ ಕ್ಯಾನ್ಸರಿನ ಕೆಲವು ಬಗೆಗಳಿಗೆ ಮಾತ್ರ.

ರಕ್ತದಲ್ಲಿ ಗೆದ್ದ ಕಣಗಳು ಗಡ್ಡೆಯೆದುರು ಸೋಲುವುದೇಕೆ? ಮುಖ್ಯ ಕಾರಣಗಳು ಮೂರು. ಮೊದಲನೆಯದು ಗುರುತಿನ ತೊಡಕು. ರಕ್ತದ ಈ ಕ್ಯಾನ್ಸರುಗಳಲ್ಲಿ ಸಿಡಿ19 ಎಂಬ ಸ್ಪಷ್ಟ ಗುರುತುಂಟು. ಅದನ್ನು ಹೊತ್ತ ಆರೋಗ್ಯವಂತ ಬಿ ಕಣಗಳು ನಾಶವಾದರೂ ರೋಗಿ ಬದುಕಬಲ್ಲ. ಗಡ್ಡೆಯ ಗುರುತುಗಳು ಗಡ್ಡೆಯ ಎಲ್ಲ ಕಣಗಳಲ್ಲೂ ಇರುವುದಿಲ್ಲ. ಆದರೆ ಶ್ವಾಸಕೋಶದಂಥ ಆರೋಗ್ಯವಂತ ಅಂಗದಲ್ಲಿ ಇರಬಹುದು. ಎರಡನೆಯದು, ಗಡ್ಡೆಯ ಸುತ್ತ ನಾರಿನಂಥ ಅಂಗಾಂಶದ ಗೋಡೆ. ಮೂರನೆಯದು, ಒಳಹೊಕ್ಕ ಕಣಗಳನ್ನೂ ಗಡ್ಡೆ ತನ್ನ ರಾಸಾಯನಿಕ ಸಂಕೇತಗಳಿಂದ ದಣಿಸಿಬಿಡುತ್ತದೆ.

ವಿಜ್ಞಾನಿಗಳು ಒಂದೊಂದು ಸೋಲಿನಿಂದಲೂ ಪಾಠ ಕಲಿಯುತ್ತಿದ್ದಾರೆ. ಎರಡು ಗುರುತುಗಳು ಒಟ್ಟಿಗೆ ಕಂಡರೆ ಮಾತ್ರ ದಾಳಿ ಮಾಡುವ ಕಣಗಳು, ದಣಿಸುವ ಸಂಕೇತಕ್ಕೆ ಕಿವಿಗೊಡದ ಕಣಗಳು ಸಿದ್ಧವಾಗುತ್ತಿವೆ. ಮೆದುಳಿನ ಗಡ್ಡೆಗೆ ಕಣಗಳನ್ನು ನೇರವಾಗಿ ಮೆದುಳಿನ ದ್ರವಕ್ಕೇ ಬಿಡುವ ಪ್ರಯೋಗಗಳು ನಡೆದಿವೆ. ಜಠರದ ಕ್ಯಾನ್ಸರಿಗೆ ಬೇರೆ ಔಷಧಗಳು ಫಲಿಸದಿದ್ದ 156 ರೋಗಿಗಳ ಮೇಲೆ ಚೀನಾದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ರೋಗ ಮುಂದುವರಿಯದೆ ನಿಂತ ಮಧ್ಯಮ ಅವಧಿ ಇತರ ಔಷಧ ಪಡೆದವರಲ್ಲಿ ಎರಡು ತಿಂಗಳಿಗೂ ಕಡಿಮೆ. ಕಾರ್-ಟಿಗೆ ಆಯ್ಕೆಯಾದವರಲ್ಲಿ ಮೂರು ತಿಂಗಳು ಮೀರಿತು. ಇದು ನಿಜವಾದ ಮುನ್ನಡೆ. ಆದರೆ ಇನ್ನೂ ಗೆಲುವಲ್ಲ.

ಇಷ್ಟನ್ನೂ ಆ ಮಗನಿಗೆ ಕನ್ನಡದಲ್ಲೇ ಬಿಡಿಸಿ ಹೇಳಿದೆ. ಹೊಲ ಮಾರುವ ಮೊದಲು ತಾಯಿಯ ವರದಿಗಳನ್ನು ಕ್ಯಾನ್ಸರ್ ತಜ್ಞರಿಗೆ ತೋರಿಸಿ, ಈ ಹೊತ್ತು ಅವರಿಗೆ ಯಾವುದು ಉಪಯೋಗವೆಂದು ಕೇಳಿರಿ ಎಂದೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, “ತಿಳೀತ್ರಿ ಅಕ್ಕಾವ್ರ” ಎಂದು ಎದ್ದರು. ಅವರ ಆಸೆಯನ್ನು ಕಿತ್ತುಕೊಂಡೆನೇ ಎಂಬ ಅಳುಕು ನನಗೆ ಇಂದಿಗೂ ಉಂಟು.

ಆದರೂ ನಮ್ಮ ಮಕ್ಕಳಿಗೆ ನಾವು ಕಲಿಸಬೇಕಾದ ವಿಜ್ಞಾನ ಇದೇ ಎಂದು ನಂಬಿದ್ದೇನೆ. ಹೊಸ ಚಿಕಿತ್ಸೆಯ ಸುದ್ದಿ ಬಂದಾಗ ಅದು ಯಾವ ರೋಗಕ್ಕೆ, ಎಷ್ಟು ಜನರಲ್ಲಿ ಪರೀಕ್ಷಿತವಾಗಿದೆ, ಎಷ್ಟು ಕಾಲ ಫಲ ನೀಡಿತು ಎಂದು ಕೇಳಬಲ್ಲವನು ಮೋಸಹೋಗುವುದಿಲ್ಲ, ಆಸೆಯನ್ನೂ ಬಿಡುವುದಿಲ್ಲ. ಆ ಪ್ರಶ್ನೆಗಳನ್ನು ತಾಯಿನುಡಿಯಲ್ಲಿ ಕೇಳುವ ಧೈರ್ಯವನ್ನು ಈ ಶಾಲೆ ಮುಂದಿನ ನೂರು ವರ್ಷವೂ ಕೊಡಲಿ.